ಲೆಕ್ಕದಲ್ಲಿ ಬರೆಯದ ಅಸಲು: ಕಾಡು, ನದಿ ಮತ್ತು ನಮ್ಮ ಸಂಸಾರ

(ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಡೆದ ನಾಗರಿಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಸುಸ್ಥಿರ ಅಭಿವೃದ್ಧಿಯಲ್ಲಿ ಪರಿಸರ ಮತ್ತು ಜೀವವೈವಿಧ್ಯಕ್ಕಿರುವ ಆರ್ಥಿಕ ಮೌಲ್ಯದ ಕುರಿತು ಮಾತನಾಡಬೇಕೆಂದು ಸಂಘಟಕರು ನನಗೆ ಸೂಚಿಸಿದ್ದಾರೆ. ವಿಷಯದ ಹೆಸರು ಕೇಳಿದೊಡನೆ ಇದು ವಿಶ್ವವಿದ್ಯಾನಿಲಯದವರ ಚರ್ಚೆ, ದುರ್ಗಿಗುಡಿಯ ಅಂಗಡಿ ಬೀದಿಗೂ ಇದಕ್ಕೂ ಏನು ಸಂಬಂಧ ಎಂದು ಅನಿಸುವುದು ಸಹಜ. ಆದರೆ ವಸ್ತುತಃ ಇದು ಲೆಕ್ಕದ ಪುಸ್ತಕಕ್ಕೆ ಸಂಬಂಧಿಸಿದ ವಿಷಯ. ಲೆಕ್ಕವೆಂದರೇನು ಎಂಬುದನ್ನು ಈ ಬೀದಿಯ ವ್ಯಾಪಾರಿಗಳಿಗೆ ನಾನು ಕಲಿಸಬೇಕಾಗಿಲ್ಲ.

ನನ್ನ ತಂದೆಯವರು ಸೌದೆ ಡಿಪೋವೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ರಾತ್ರಿ ಮನೆಗೆ ತಂದು ತಾಳೆ ನೋಡುತ್ತಿದ್ದ ಖಾತೆ ಪುಸ್ತಕದಲ್ಲಿ ಲಾರಿ ಬಾಡಿಗೆ ಇರುತ್ತಿತ್ತು, ಕಡಿಯುವವರ ಕೂಲಿ ಇರುತ್ತಿತ್ತು, ಸರಕಾರಕ್ಕೆ ಕಟ್ಟಿದ ಹಣ ಇರುತ್ತಿತ್ತು, ಮಾರಾಟದ ಮೊತ್ತ ಇರುತ್ತಿತ್ತು. ಚಿಕ್ಕವನಾಗಿದ್ದಾಗ ಒಮ್ಮೆ ಅವರ ಪಕ್ಕದಲ್ಲಿ ಕುಳಿತು, "ಅಬ್ಬಾ, ಇದರಲ್ಲಿ ಮರದ ಲೆಕ್ಕ ಎಲ್ಲಿದೆ?" ಎಂದು ಕೇಳಿದೆ. ಅವರು ನಕ್ಕು, "ಕಾಡು ಯಾರಿಗೂ ಬಿಲ್ಲು ಕಳುಹಿಸುವುದಿಲ್ಲ ಬೇಟಾ" ಎಂದರು. ಅಂದು ಅದು ನನಗೆ ತಮಾಷೆಯ ಮಾತಾಗಿ ಕೇಳಿಸಿತು. ಈ ಜಿಲ್ಲೆಯ ನೂರು ವರ್ಷಗಳ ಇತಿಹಾಸವನ್ನು ಓದಿದ ಮೇಲೆ, ಕಾಡು ಬಿಲ್ಲು ಕಳುಹಿಸುತ್ತದೆ, ಆದರೆ ತಡವಾಗಿ ಕಳುಹಿಸುತ್ತದೆ, ಅದೂ ಮರ ಕಡಿದವನ ವಿಳಾಸಕ್ಕಲ್ಲ ಎಂಬುದು ಅರ್ಥವಾಯಿತು. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ.

ಅಸಲು ಯಾವುದು, ಆದಾಯ ಯಾವುದು?

ಒಬ್ಬ ವ್ಯಾಪಾರಿ ಪ್ರತಿದಿನವೂ ಅಂಗಡಿಯ ಸರಕನ್ನು ಮಾರುತ್ತಾನೆ, ಹೊಸ ಸರಕು ತರುವುದಿಲ್ಲ ಎಂದಿಟ್ಟುಕೊಳ್ಳಿ. ಸಂಜೆ ಗಲ್ಲಾಪೆಟ್ಟಿಗೆ ತುಂಬಿರುತ್ತದೆ. ಮನೆಯವರು ಸಂತೋಷಪಡುತ್ತಾರೆ. ಆದರೆ ಅದು ಲಾಭವಲ್ಲ, ಅಸಲನ್ನು ತಿನ್ನುವ ಬದುಕು. ಕಪಾಟು ಖಾಲಿಯಾದ ದಿನ ಸತ್ಯ ಹೊರಬೀಳುತ್ತದೆ. ದೇಶದ ಆದಾಯವನ್ನು ಅಳೆಯುವ ಜಿಡಿಪಿ ಎಂಬ ಲೆಕ್ಕದಲ್ಲಿಯೂ ಇದೇ ದೋಷವಿದೆ. ಮರ ಕಡಿದು ಮಾರಿದರೆ ಆ ಹಣ ದೇಶದ ಆದಾಯಕ್ಕೆ ಸೇರುತ್ತದೆ. ಕಾಡು ಕಡಿಮೆಯಾದುದನ್ನು ಯಾರೂ ಕಳೆಯುವುದಿಲ್ಲ. ನದಿ ಕೊಳಕಾಗಿ ಜನರು ಆಸ್ಪತ್ರೆಗೆ ಸೇರಿದರೆ ಆ ಆಸ್ಪತ್ರೆಯ ವೆಚ್ಚವೂ ಆದಾಯವೆಂದೇ ಕೂಡುತ್ತದೆ!

ಅಸಲು ಮತ್ತು ಆದಾಯದ ಈ ವ್ಯತ್ಯಾಸ ನಮ್ಮ ಸಮುದಾಯಕ್ಕೆ ಹೊಸದಲ್ಲ. ವಕ್ಫ್ ಆಸ್ತಿಯ ನಿಯಮವೇನು? ಮೂಲ ಆಸ್ತಿಯನ್ನು ಮಾರುವಂತಿಲ್ಲ, ಅದರಿಂದ ಬರುವ ಬಾಡಿಗೆಯನ್ನೋ ಫಸಲನ್ನೋ ಮಾತ್ರ ಉಪಯೋಗಿಸಬೇಕು. ಮುತವಲ್ಲಿಯು ಆಸ್ತಿಯ ಮಾಲಕನಲ್ಲ, ಅಮಾನತ್ತಿನ ಪಾಲಕ. ಮುಂದಿನ ತಲೆಮಾರಿನ ಅನಾಥ ಮಗುವಿಗೂ ಅದರಲ್ಲಿ ಪಾಲಿದೆ. ಸುಸ್ಥಿರ ಅಭಿವೃದ್ಧಿ ಎಂಬ ಮಾತು 1987ರ ಬ್ರಂಟ್ಲಂಡ್ ಆಯೋಗದ ವರದಿಯಿಂದ ಜಗತ್ತಿನಾದ್ಯಂತ ಪ್ರಚಾರಕ್ಕೆ ಬಂತು. ಅದರ ತಿರುಳು ಕೂಡ ಇದುವೇ: ಮುಂದಿನವರ ಪಾಲನ್ನು ನಾವು ತಿಂದು ಮುಗಿಸಬಾರದು.

ಈ ಅಸಲಿನ ಬೆಲೆಯನ್ನು ಅಂದಾಜು ಮಾಡಲು ಅರ್ಥಶಾಸ್ತ್ರಜ್ಞರು ಹಲವು ಬಾರಿ ಪ್ರಯತ್ನಿಸಿದ್ದಾರೆ. 1997ರಲ್ಲಿ ರಾಬರ್ಟ್ ಕಾಸ್ಟಾಂಝಾ ಮತ್ತು ಸಂಗಡಿಗರು, ಪ್ರಕೃತಿಯು ಮನುಷ್ಯನಿಗೆ ಒಂದು ವರ್ಷದಲ್ಲಿ ಮಾಡಿಕೊಡುವ ಕೆಲಸಗಳ ಮೌಲ್ಯ ಸರಾಸರಿ 33 ಲಕ್ಷ ಕೋಟಿ ಡಾಲರ್ ಎಂದು ಅಂದಾಜಿಸಿದರು. ಆಗ ಜಗತ್ತಿನ ಎಲ್ಲ ದೇಶಗಳ ಒಟ್ಟು ಉತ್ಪನ್ನವೇ ಸುಮಾರು 18 ಲಕ್ಷ ಕೋಟಿ ಡಾಲರ್ ಆಗಿತ್ತು. ಅಂಕಿಗಳ ಬಗ್ಗೆ ವಿದ್ವಾಂಸರಲ್ಲಿ ಜಗಳವಿದೆ. ಆದರೆ ಒಂದು ವಿಚಾರದಲ್ಲಿ ಜಗಳವಿಲ್ಲ. ಆ ಮೌಲ್ಯ ಸೊನ್ನೆಯಲ್ಲ. ನಮ್ಮ ಲೆಕ್ಕದ ಪುಸ್ತಕಗಳಲ್ಲಿ ಮಾತ್ರ ಅದು ಸೊನ್ನೆಯಾಗಿದೆ.

ನಮ್ಮ ನಲ್ಲಿಯ ನೀರು ಎಲ್ಲಿಂದ ಬರುತ್ತದೆ?

ಶಿವಮೊಗ್ಗ ಕುಡಿಯುವುದು ತುಂಗೆಯ ನೀರು. ಭದ್ರಾವತಿ ಕುಡಿಯುವುದು ಭದ್ರೆಯ ನೀರು. ಇವೆರಡೂ ಹುಟ್ಟುವುದು ಕುದುರೆಮುಖ ಶ್ರೇಣಿಯ ಗಂಗಾಮೂಲದಲ್ಲಿ. ಕೂಡುವುದು ನಮ್ಮೂರಿನ ಸಮೀಪದ ಕೂಡ್ಲಿಯಲ್ಲಿ. ಮಳೆಗಾಲ ನಾಲ್ಕು ತಿಂಗಳಷ್ಟೇ. ಆದರೂ ಏಪ್ರಿಲ್ ತಿಂಗಳಲ್ಲಿಯೂ ಮಲೆನಾಡಿನ ಹಳ್ಳಗಳಲ್ಲಿ ನೀರು ಹರಿಯುವುದು ಹೇಗೆ? ಬೆಟ್ಟದ ಮೇಲಿನ ಹುಲ್ಲುಗಾವಲು ಮತ್ತು ಕಣಿವೆಗಳ ಶೋಲಾ ಕಾಡು ಮಳೆಯ ನೀರನ್ನು ಮಣ್ಣಿನಲ್ಲಿ ಇಂಗಿಸಿ, ಸೋಸಿ, ನಿಧಾನವಾಗಿ ಬಿಟ್ಟುಕೊಡುತ್ತವೆ. ಅದು ಸಿಮೆಂಟು, ಕಬ್ಬಿಣವಿಲ್ಲದ ಅಣೆಕಟ್ಟು, ವಿದ್ಯುತ್ ಬೇಡದ ಶುದ್ಧೀಕರಣ ಘಟಕ. ನಗರಪಾಲಿಕೆ ನಮ್ಮಿಂದ ನೀರಿನ ಕಂದಾಯ ವಸೂಲು ಮಾಡುವುದು ಪಂಪು, ಪೈಪು, ಸಿಬ್ಬಂದಿಗಾಗಿ. ಕಾಡಿನ ಸಂಬಳ ಅದರಲ್ಲಿ ಸೇರಿಲ್ಲ.

ಈ ಸಂಬಳವನ್ನು ಲೆಕ್ಕ ಹಾಕಿದ ನಗರವೊಂದಿದೆ. 1990ರ ದಶಕದಲ್ಲಿ ನ್ಯೂಯಾರ್ಕ್ ನಗರದ ಮುಂದೆ ಎರಡು ದಾರಿಗಳಿದ್ದವು. ಒಂದು, ಸುಮಾರು 600ರಿಂದ 800 ಕೋಟಿ ಡಾಲರ್ ವೆಚ್ಚದಲ್ಲಿ ಬೃಹತ್ ಶುದ್ಧೀಕರಣ ಘಟಕ ಕಟ್ಟುವುದು. ಇನ್ನೊಂದು, ನೀರು ಹುಟ್ಟುವ ಕ್ಯಾಟ್ಸ್‌ಕಿಲ್ ಬೆಟ್ಟಗಳ ಕಾಡು ಮತ್ತು ಹೊಲಗಳನ್ನು ಸುಮಾರು 100ರಿಂದ 150 ಕೋಟಿ ಡಾಲರಿನಲ್ಲಿ ಕಾಪಾಡುವುದು. ನಗರವು ಎರಡನೆಯದನ್ನು ಆರಿಸಿಕೊಂಡಿತು. ಬೆಟ್ಟದ ರೈತರಿಗೆ ಹಣ ಕೊಟ್ಟು ನೀರನ್ನು ಶುದ್ಧವಾಗಿ ಉಳಿಸಿಕೊಂಡಿತು. ಇದು ಪರಿಸರಪ್ರೇಮಕ್ಕಿಂತ ಮಿಗಿಲಾಗಿ ವ್ಯಾಪಾರಿಯ ವಿವೇಕವಾಗಿತ್ತು.

ಅದೇ ಕಾಲದಲ್ಲಿ ನಮ್ಮ ನದಿಗಳ ತಲೆಯ ಮೇಲೆ ಏನು ನಡೆಯುತ್ತಿತ್ತು? ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ. 1976ರಲ್ಲಿ ಸ್ಥಾಪನೆಯಾದ ಸರಕಾರಿ ಕಂಪೆನಿಯು ಭದ್ರೆಯ ಜಲಾನಯನದ ಬೆಟ್ಟಗಳನ್ನು ಅಗೆದು, ಅದಿರನ್ನು ನೀರಿನಲ್ಲಿ ಕಲಸಿ ಕೊಳವೆಯ ಮೂಲಕ ಮಂಗಳೂರಿಗೆ ಕಳುಹಿಸುತ್ತಿತ್ತು. ದೇಶದಲ್ಲಿಯೇ ಅತಿ ಹೆಚ್ಚು ಮಳೆ ಬೀಳುವ ಪ್ರದೇಶಗಳಲ್ಲಿ ಅದೂ ಒಂದು. ಬರಿದಾದ ಮಣ್ಣು ಮಳೆಯೊಂದಿಗೆ ಭದ್ರೆಗೆ ಇಳಿಯಿತು. ಗಣಿ ಪ್ರದೇಶವು ಆ ಜಲಾನಯನದ ಶೇ. 1ಕ್ಕಿಂತಲೂ ಕಡಿಮೆಯಾಗಿದ್ದರೂ ನದಿ ಹೊತ್ತ ಹೂಳಿನಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಂದ ಬರುತ್ತಿತ್ತು ಎಂದು ವಿಜ್ಞಾನಿಗಳ ಅಧ್ಯಯನವೊಂದು ತೋರಿಸಿತು. ಆ ನದಿ ಹೋಗಿ ಸೇರುವುದು ಲಕ್ಕವಳ್ಳಿಯ ಭದ್ರಾ ಜಲಾಶಯಕ್ಕೆ. ಅದನ್ನು ನಂಬಿ ಶಿವಮೊಗ್ಗ, ಚಿಕ್ಕಮಗಳೂರು, ದಾವಣಗೆರೆ ಜಿಲ್ಲೆಗಳ ಭತ್ತ ಮತ್ತು ಅಡಿಕೆಯ ಬೆಳೆಗಾರರಿದ್ದಾರೆ. ಅದಿರು ತಂದ ಡಾಲರ್ ದೇಶದ ಆದಾಯಕ್ಕೆ ಸೇರಿತು. ಹೂಳು ಯಾವ ರಾಷ್ಟ್ರೀಯ ಲೆಕ್ಕದಲ್ಲಿಯೂ ಖರ್ಚಾಗಿ ಸೇರಲಿಲ್ಲ.

ಜನರ ಹೋರಾಟ ಮತ್ತು ಕಾನೂನಿನ ಹೋರಾಟಗಳೆರಡರ ಫಲವಾಗಿ 2002ರ ಅಕ್ಟೋಬರ್ 30ರಂದು ಸುಪ್ರೀಮ್ ಕೋರ್ಟ್ ತೀರ್ಪು ನೀಡಿ, 2005ರ ಕೊನೆಗೆ ಗಣಿಗಾರಿಕೆ ನಿಲ್ಲಬೇಕೆಂದು ಹೇಳಿತು. ಅದರಂತೆಯೇ ನಿಂತಿತು. ಅದೇ ಅಕ್ಟೋಬರಿನ ಕೊನೆಯಲ್ಲಿ ನ್ಯಾಯಾಲಯವು ಮತ್ತೊಂದು ಮಹತ್ವದ ತತ್ವವನ್ನು ಒಪ್ಪಿಕೊಂಡಿತು. ಅರಣ್ಯ ಭೂಮಿಯನ್ನು ಬೇರೆ ಉದ್ದೇಶಕ್ಕೆ ಪಡೆಯುವವರು ಆ ಕಾಡಿನ 'ನಿವ್ವಳ ಪ್ರಸ್ತುತ ಮೌಲ್ಯ'ವನ್ನು ಕಟ್ಟಬೇಕು, ಅದು ಹೆಕ್ಟೇರಿಗೆ 5.80 ಲಕ್ಷದಿಂದ 9.20 ಲಕ್ಷ ರೂಪಾಯಿ. ಮುಂದೆ ಕಾಂಚನ್ ಚೋಪ್ರಾ ಅವರ ಅಧ್ಯಕ್ಷತೆಯ ತಜ್ಞ ಸಮಿತಿಯ ವರದಿಯ ಬಳಿಕ, 2008ರಲ್ಲಿ ಈ ದರವನ್ನು ಕಾಡಿನ ಬಗೆಗನುಸಾರ 4.38 ಲಕ್ಷದಿಂದ 10.43 ಲಕ್ಷದವರೆಗೆ ನಿಗದಿಪಡಿಸಲಾಯಿತು. ಕಾಡು ಬಿಲ್ಲು ಕಳುಹಿಸುವುದಿಲ್ಲ ಎಂಬ ಹಳೆಯ ಮಾತಿಗೆ ದೇಶದ ಅತ್ಯುನ್ನತ ನ್ಯಾಯಾಲಯ ಕೊಟ್ಟ ಉತ್ತರವಿದು.

ಭದ್ರಾವತಿಯ ಎರಡು ಕಾರ್ಖಾನೆಗಳು

ಈಗ ಸ್ವಲ್ಪ ಕೆಳಗೆ, ಭದ್ರೆಯ ದಡದಲ್ಲಿರುವ ಭದ್ರಾವತಿಗೆ ಬರೋಣ. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಕಲ್ಲಿದ್ದಲು ಇಲ್ಲಿಗೆ ಬಹಳ ದೂರ. ಆದ್ದರಿಂದ ಕುಲುಮೆ ಉರಿದದ್ದು ಸುತ್ತಲಿನ ಕಾಡಿನ ಮರ ಸುಟ್ಟು ಮಾಡಿದ ಇದ್ದಿಲಿನಿಂದ. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಅದಕ್ಕೆ ಬಿದಿರು ಬೇಕಾಯಿತು, ಬಳಿಕ ತಿರುಳಿನ ಮರ ಬೇಕಾಯಿತು. ಈ ಕಾರ್ಖಾನೆಗಳನ್ನು ನಾನು ದೂಷಿಸಲು ಬಂದಿಲ್ಲ. ಇವು ಸಾವಿರಾರು ಮನೆಗಳ ಒಲೆ ಉರಿಸಿವೆ. ಈ ಸಭೆಯಲ್ಲಿಯೂ ಆ ಅನ್ನ ಉಂಡು ಓದಿದ ಮಕ್ಕಳಿರಬಹುದು. ನನ್ನ ಪ್ರಶ್ನೆ ಲೆಕ್ಕದ್ದು ಮಾತ್ರ. ಕಚ್ಚಾಮಾಲಿಗೆ ಕೊಟ್ಟ ಬೆಲೆ ನ್ಯಾಯವಾದ ಬೆಲೆಯಾಗಿತ್ತೇ?

ಇದಕ್ಕೆ ಪಕ್ಕದ ಉತ್ತರ ಕನ್ನಡ ಜಿಲ್ಲೆಯ ಉದಾಹರಣೆ ಕಣ್ಣು ತೆರೆಸುತ್ತದೆ. ದಾಂಡೇಲಿಯ ಕಾಗದ ಕಾರ್ಖಾನೆಗೆ ಒಂದು ಕಾಲದಲ್ಲಿ ಸರಕಾರವು ಟನ್ನಿಗೆ ಒಂದೂವರೆ ರೂಪಾಯಿಯಂತೆ ಬಿದಿರು ಕೊಟ್ಟಿತ್ತು. ಬುಟ್ಟಿ, ಮೊರ ಹೆಣೆಯುವ ಮೇದಾರರು ಮಾರುಕಟ್ಟೆಯಲ್ಲಿ ಅದರ ನೂರಾರು ಪಟ್ಟು ಹಣ ತೆರಬೇಕಾಗಿತ್ತು. 1970ರ ದಶಕದಲ್ಲಿ ರಾಜ್ಯ ಸರಕಾರದ ಕೋರಿಕೆಯಂತೆ ಇದನ್ನು ಅಧ್ಯಯನ ಮಾಡಿದವರು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್. ಪುಕ್ಕಟೆಯಾಗಿ ಸಿಕ್ಕಿದ್ದನ್ನು ಯಾರೂ ಜೋಪಾನ ಮಾಡುವುದಿಲ್ಲ. ಹತ್ತಿರದ ಬಿದಿರು ಮೆಳೆಗಳು ಬರಿದಾದವು, ಕಾರ್ಖಾನೆ ದೂರದ ಕಾಡುಗಳತ್ತ ಕೈಚಾಚಿತು. ಕೈಚಾಚಲಾಗದ ಮೇದಾರನ ಕಸುಬು ಮಾತ್ರ ಅಲ್ಲಿಯೇ ನಿಂತಿತು.

ಭದ್ರಾವತಿಯ ಕಾಗದ ಕಾರ್ಖಾನೆಗೆ 1980ರಲ್ಲಿ ಸಾವಿರಾರು ಹೆಕ್ಟೇರ್ ಅರಣ್ಯ ಭೂಮಿಯನ್ನು ನಲವತ್ತು ವರ್ಷಗಳ ಗುತ್ತಿಗೆಗೆ ನೀಡಲಾಯಿತು. ಅಲ್ಲಿ ನೀಲಗಿರಿ, ಅಕೇಶಿಯಾಗಳ ನೆಡುತೋಪುಗಳೆದ್ದವು. ದೂರದಿಂದ ನೋಡಿದರೆ ಹಸಿರು. ಒಳಗೆ ಹೋದರೆ ಹಕ್ಕಿಯ ದನಿಯಿಲ್ಲ, ದನಕ್ಕೆ ಮೇವಿಲ್ಲ, ಜೇನಿಲ್ಲ, ಹಣ್ಣಿಲ್ಲ. ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. 2020ರಲ್ಲಿ ಗುತ್ತಿಗೆಯ ಅವಧಿ ಮುಗಿದಾಗ, ಮುಚ್ಚಿದ ಕಾರ್ಖಾನೆಯ ಹೆಸರಿನಲ್ಲಿ ಸರಕಾರವು ಮತ್ತೆ ನಲವತ್ತು ವರ್ಷ ವಿಸ್ತರಿಸಿದ್ದನ್ನು ಮಲೆನಾಡಿನ ಜನರು ಬೀದಿಗಿಳಿದು ವಿರೋಧಿಸಿದರು. ಕಾರ್ಮಿಕರಿಗೆ ಕೆಲಸವೂ ಉಳಿಯಲಿಲ್ಲ, ಹಳ್ಳಿಗರಿಗೆ ಸಹಜ ಕಾಡೂ ಉಳಿಯಲಿಲ್ಲ. ಅಸಲನ್ನು ತಿಂದ ವ್ಯಾಪಾರ ಕೊನೆಗೆ ಇಬ್ಬರನ್ನೂ ಬರಿಗೈಯಲ್ಲಿ ಕಳುಹಿಸುತ್ತದೆ.

ಬಿಲ್ಲು ಯಾರ ಮನೆಗೆ ಬರುತ್ತದೆ?

ನಮ್ಮಂತಹ ಪಟ್ಟಣದ ಮಧ್ಯಮ ವರ್ಗದವರಿಗೆ ನೀರು ಕೆಟ್ಟರೆ ಫಿಲ್ಟರ್ ಕೊಳ್ಳುತ್ತೇವೆ, ಸೌದೆ ಸಿಗದಿದ್ದರೆ ಗ್ಯಾಸ್ ಇದೆ. ಬಡವರಿಗೆ ಬದಲಿ ವ್ಯವಸ್ಥೆಯಿಲ್ಲ. ಭಾರತೀಯ ಬ್ಯಾಂಕ್ ಅಧಿಕಾರಿ ಪವನ್ ಸುಖದೇವ್ ಅವರ ನೇತೃತ್ವದಲ್ಲಿ 2007ರಲ್ಲಿ ಆರಂಭವಾದ ಅಂತಾರಾಷ್ಟ್ರೀಯ ಅಧ್ಯಯನದ ಅಂತಿಮ ವರದಿ 2010ರಲ್ಲಿ ಹೊರಬಂತು. ಅದರಲ್ಲಿ 'ಬಡವರ ಜಿಡಿಪಿ' ಎಂಬ ಹೊಸ ಅಳತೆಗೋಲಿದೆ. ಭಾರತದ ಗ್ರಾಮೀಣ ಮತ್ತು ಅರಣ್ಯವಾಸಿ ಬಡವರ ಬದುಕಿನ ಆದಾಯದಲ್ಲಿ ಪ್ರಕೃತಿಯ ಕೊಡುಗೆ ಶೇ. 47ರಷ್ಟು ಎಂದು ಅದು ಲೆಕ್ಕ ಹಾಕಿತು. ಅಂದರೆ ಕಾಡು, ಗೋಮಾಳ, ಕೆರೆ, ಹೊಳೆಗಳು ಹಾಳಾದಾಗ ಬಡವನ ಮನೆಯ ಅರ್ಧ ಸಂಪಾದನೆಯೇ ಹೋಗುತ್ತದೆ. ದೇಶದ ಜಿಡಿಪಿಯಲ್ಲಿ ಅದು ಗುರುತೂ ಬೀಳುವುದಿಲ್ಲ.

ಈ ಸತ್ಯವನ್ನು ನಮ್ಮ ನೆರೆಯ ಹಳ್ಳಿಗರು ಆ ವರದಿಗಿಂತ ಎರಡು ದಶಕಗಳ ಮೊದಲೇ ಹೇಳಿದ್ದರು. 1984ರಲ್ಲಿ ರಾಜ್ಯ ಸರಕಾರವು ಖಾಸಗಿ ನಾರು ಕಾರ್ಖಾನೆಯೊಂದಿಗೆ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪೆನಿ ಸ್ಥಾಪಿಸಿ, ಶಿವಮೊಗ್ಗವೂ ಸೇರಿದಂತೆ ನಾಲ್ಕು ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯನ್ನು ನೀಲಗಿರಿಗೆ ಮೀಸಲಿಟ್ಟಿತು. ದಾಖಲೆಗಳ ಪ್ರಕಾರ ಅದು ಪಾಳುಭೂಮಿ. ಆದರೆ ಹಳ್ಳಿಯ ಮಹಿಳೆಯರಿಗೆ ಅದು ಸೌದೆ, ಮೇವು, ಸೊಪ್ಪು, ಹಣ್ಣು, ಔಷಧಿಯ ಬೀರುವಾಗಿತ್ತು. ಸಾಹಿತಿ ಶಿವರಾಮ ಕಾರಂತರು ಮತ್ತಿತರರು ಸುಪ್ರೀಮ್ ಕೋರ್ಟಿಗೆ ಹೋದರು. ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠ ಅವರ ಮುಂದಾಳುತನದಲ್ಲಿ 1987ರ ನವೆಂಬರ್ 14ರಂದು ಇಂದಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನರು 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ನಡೆಸಿ, ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಉಪಯುಕ್ತವಾದ ಸಸಿಗಳನ್ನು ನೆಟ್ಟರು. ಕೊನೆಗೆ ಆ ಕಂಪೆನಿಯನ್ನೇ ಮುಚ್ಚಬೇಕಾಯಿತು. ಓದುಬರಹ ಬಾರದ ಆ ತಾಯಂದಿರಿಗೆ ಭೂಮಿಯ ನಿಜವಾದ ಬೆಲೆ ಗೊತ್ತಿತ್ತು. ಪದವೀಧರರ ಕಡತಗಳಲ್ಲಿ ಅದು ಪಾಳುಭೂಮಿಯಾಗಿತ್ತು.

ಬಿಲ್ಲು ಕೆಲವೊಮ್ಮೆ ಕಾಯಿಲೆಯ ರೂಪದಲ್ಲಿಯೂ ಬರುತ್ತದೆ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಬೆನ್ನಿಗೇ ಜನರಿಗೆ ಜ್ವರ ಬಂತು. ಅದುವೇ ಮಂಗನ ಕಾಯಿಲೆ. ಕಾಡಿನ ಉಣುಗುಗಳ ಮೂಲಕ ಹರಡುವ ಈ ರೋಗಕ್ಕೆ, ಕಾಡು ಛಿದ್ರಗೊಂಡು ಜನ-ಜಾನುವಾರುಗಳ ಓಡಾಟ ಹೆಚ್ಚಿದ್ದೂ ಕಾರಣವೆಂದು ಸಂಶೋಧಕರು ಹೇಳಿದ್ದಾರೆ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನ ಮನೆಗಳಲ್ಲಿ ಸಾವು ಸಂಭವಿಸಿದ್ದನ್ನು ನಾವು ಮರೆತಿಲ್ಲ. ಸತ್ತವರು ಗುತ್ತಿಗೆದಾರರಲ್ಲ, ತರಗೆಲೆ ಸೌದೆಗೆ ಕಾಡಿಗೆ ಹೋಗುವವರು.

ವೈವಿಧ್ಯದಿಂದ ಸಿಗುವ ಲಾಭವನ್ನೂ ಹೇಳಬೇಕು. ಸಾಗರ, ಹೊಸನಗರದ ಹೊಳೆದಂಡೆಗಳಲ್ಲಿ ತಾನಾಗಿ ಬೆಳೆಯುವ ಅಪ್ಪೆಮಿಡಿಯ ಉಪ್ಪಿನಕಾಯಿ ನಮ್ಮ ಅಡುಗೆಮನೆಯ ಭರಣಿಗಳಲ್ಲಿಯೂ ಇದೆ. 2009ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಒಂದೊಂದು ಮರಕ್ಕೆ ಒಂದೊಂದು ಪರಿಮಳ. ಯಾವ ಪ್ರಯೋಗಾಲಯವೂ ಅದನ್ನು ಸೃಷ್ಟಿಸಿಲ್ಲ. ಜಗತ್ತಿನ ಪ್ರಮುಖ ಆಹಾರ ಬೆಳೆಗಳಲ್ಲಿ ನಾಲ್ಕರಲ್ಲಿ ಮೂರು, ಸ್ವಲ್ಪಮಟ್ಟಿಗಾದರೂ ಜೇನು ಮುಂತಾದ ಕೀಟಗಳ ಪರಾಗಸ್ಪರ್ಶವನ್ನು ಅವಲಂಬಿಸಿವೆ. ಅವುಗಳ ಈ ದುಡಿಮೆಯ ಮೌಲ್ಯ ವರ್ಷಕ್ಕೆ 23,500 ಕೋಟಿಯಿಂದ 57,700 ಕೋಟಿ ಡಾಲರ್ ಎಂದು 2016ರಲ್ಲಿ ಅಂತಾರಾಷ್ಟ್ರೀಯ ವಿಜ್ಞಾನಿಗಳ ವೇದಿಕೆಯೊಂದು ಅಂದಾಜಿಸಿತು. ಜೇನು ಕೂಲಿ ಕೇಳುವುದಿಲ್ಲ. ಅದು ಕೇಳುವುದು ವರ್ಷದುದ್ದಕ್ಕೂ ಒಂದಲ್ಲ ಒಂದು ಹೂ ಬಿಡುವ ಕಾಡನ್ನು.

ಎರಡು ಆಕ್ಷೇಪಗಳು

ಇಲ್ಲಿ ಎರಡು ಪ್ರಾಮಾಣಿಕ ಆಕ್ಷೇಪಗಳಿಗೆ ಉತ್ತರಿಸಬೇಕು. ಮೊದಲನೆಯದು: ಹೊಟ್ಟೆ ಹಸಿದವನಿಗೆ ಕಾಡಿನ ಮಾತು ಯಾಕೆ? ನಮಗೆ ಬೇಕಾಗಿರುವುದು ಉದ್ಯೋಗ. ಈ ಮಾತಿನಲ್ಲಿ ನೋವಿದೆ, ಅದನ್ನು ತಳ್ಳಿಹಾಕಬಾರದು. ಗಣಿ ಮುಚ್ಚಿದಾಗ ಕುದುರೆಮುಖದ ಕಾರ್ಮಿಕರ ಸಂಸಾರಗಳು ಊರು ಬಿಟ್ಟವು. ಅವರ ಕಣ್ಣೀರು ಕೂಡ ಲೆಕ್ಕಕ್ಕೆ ಸೇರಬೇಕು. ಆದರೆ ನೆನಪಿಡಿ, ಅಸಲನ್ನು ತಿನ್ನುವ ಉದ್ಯೋಗ ಒಂದು ತಲೆಮಾರಿಗಿಂತ ಹೆಚ್ಚು ಬಾಳುವುದಿಲ್ಲ. ಯೋಜನೆ ಆರಂಭಿಸುವ ದಿನವೇ ಅದರ ಕೊನೆಯ ದಿನದ ಲೆಕ್ಕವನ್ನೂ, ಕಾರ್ಮಿಕರ ಮುಂದಿನ ಬದುಕಿನ ಲೆಕ್ಕವನ್ನೂ ಬರೆಯಬೇಕಾದುದು ಸರಕಾರದ ಹೊಣೆ.

ಎರಡನೆಯದು: ಪ್ರಕೃತಿಗೆ ಬೆಲೆ ಕಟ್ಟಿದರೆ ಕೊಳ್ಳುವವನು ಬರುವುದಿಲ್ಲವೇ? ಬರುತ್ತಾನೆ, ಬಂದಿದ್ದಾನೆ. ಹಣ ಕಟ್ಟಿದರಾಯಿತು, ಕಾಡು ಕಡಿಯಬಹುದು ಎಂದು ತಿಳಿದವರು ಬಹಳ ಮಂದಿ. ಆ ಹಣದಲ್ಲಿ ಬೇರೆಲ್ಲೋ ಸಸಿ ನೆಟ್ಟು, ಕಾಡಿಗೆ ಕಾಡು ಸಮವಾಯಿತೆಂದು ವರದಿ ಬರೆಯುತ್ತಾರೆ. ಸಾವಿರಾರು ವರ್ಷಗಳಲ್ಲಿ ರೂಪುಗೊಂಡ ಶೋಲಾ ಕಾಡಿಗೆ ಅಕೇಶಿಯಾ ತೋಪು ಸಮವಲ್ಲ. ರಸ್ತೆ ಅಪಘಾತದಲ್ಲಿ ಮಡಿದವರ ಮನೆಯವರಿಗೆ ನ್ಯಾಯಾಲಯ ಪರಿಹಾರ ಕೊಡಿಸುತ್ತದೆ. ಅದರರ್ಥ ಆ ಜೀವ ಮಾರಾಟಕ್ಕಿತ್ತು ಎಂದಲ್ಲ. ಜೀವಕ್ಕೆ ಬೆಲೆಯೇ ಇಲ್ಲವೆಂದು ಚಾಲಕನು ಭಾವಿಸದಿರಲಿ ಎಂದು. ಪ್ರಕೃತಿಯ ಮೌಲ್ಯ ಲೆಕ್ಕ ಹಾಕುವುದೂ ಹಾಗೆಯೇ. ಅದು ಮಾರಾಟದ ಚೀಟಿಯಲ್ಲ, ಎಚ್ಚರಿಕೆಯ ಗಂಟೆ.

ನಮ್ಮ ಪಾಲಿನ ಕೆಲಸ

ಕೊನೆಯದಾಗಿ, ನಾವೇನು ಮಾಡಬಹುದು? 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ತನ್ನ ವ್ಯಾಪ್ತಿಯ ಗಿಡಮರ, ಕೆರೆ, ಪ್ರಾಣಿಪಕ್ಷಿಗಳ ದಾಖಲಾತಿ ಇಡಬೇಕು. ಶಿವಮೊಗ್ಗ ಮಹಾನಗರಪಾಲಿಕೆಯಲ್ಲಾಗಲಿ, ಭದ್ರಾವತಿ ನಗರಸಭೆಯಲ್ಲಾಗಲಿ ಆ ದಾಖಲಾತಿಯನ್ನು ನೋಡಲು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? ಪರಿಸರದ ಸಭೆಗಳಲ್ಲಿ ನಮ್ಮ ಸಮುದಾಯದ ಕುರ್ಚಿ ಸಾಮಾನ್ಯವಾಗಿ ಖಾಲಿಯಿರುತ್ತದೆ. ಇದನ್ನು ನಾವು ಸ್ವತಃ ಒಪ್ಪಿಕೊಳ್ಳಬೇಕು. ನೆರೆ ಬಂದಾಗ ಮೊದಲು ಮುಳುಗುವುದು ನದಿದಂಡೆಯ ಬಡವರ ಬಡಾವಣೆಗಳು. ಅಲ್ಲಿ ವಾಸಿಸುವವರಲ್ಲಿ ನಮ್ಮವರೂ ಇದ್ದಾರೆ ಎಂಬುದನ್ನು 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿದಾಗ ಕಂಡಿದ್ದೇವೆ.

ಮಸೀದಿ, ಮದ್ರಸ, ಶಾಲೆಗಳ ವಿಶಾಲವಾದ ಮಾಡುಗಳ ಮೇಲೆ ಬೀಳುವ ಮಳೆನೀರು ಚರಂಡಿಗೆ ಹೋಗುತ್ತದೆ, ಬೇಸಗೆಯಲ್ಲಿ ವುಝೂಗೆ ಟ್ಯಾಂಕರ್ ತರಿಸುತ್ತೇವೆ. ಆ ನೀರನ್ನು ಕೊಳವೆಬಾವಿಗೆ ಇಂಗಿಸಲು ದೊಡ್ಡ ಖರ್ಚಿಲ್ಲ. ಖಬರಸ್ತಾನಗಳ ಖಾಲಿ ಅಂಚುಗಳಲ್ಲಿ ನೇರಳೆ, ಹೊಂಗೆ, ಬೇವು, ಹಲಸಿನ ಸಸಿಗಳನ್ನು ನೆಡಬಹುದು. ಅಂಗಡಿಗಳ ಪ್ಲಾಸ್ಟಿಕ್ ಚೀಲ ಚರಂಡಿಯ ಮೂಲಕ ತುಂಗೆಗೆ, ತುಂಗೆಯಿಂದ ಕೂಡ್ಲಿಯಾಚೆಗಿನ ಊರುಗಳ ಬಾಯಿಗೆ ಹೋಗುತ್ತದೆ. ಅವರೂ ನಮ್ಮ ನೆರೆಯವರೇ. ಎಲ್ಲಕ್ಕಿಂತ ಮುಖ್ಯವಾಗಿ, ಮತ ಕೇಳಲು ಬಂದವರಲ್ಲಿ ರಸ್ತೆ, ದೀಪಗಳ ಜೊತೆಗೆ ಒಂದು ಪ್ರಶ್ನೆ ಕೇಳಿ: ಈ ಯೋಜನೆಯಿಂದ ಬರುವುದೆಷ್ಟು ಎಂದು ಹೇಳಿದಿರಿ, ಹೋಗುವುದೆಷ್ಟು, ಯಾರ ಮನೆಯಿಂದ ಹೋಗುತ್ತದೆ?

ನನ್ನ ತಂದೆಯವರು ಈಗಿಲ್ಲ. ಅವರ ಖಾತೆ ಪುಸ್ತಕಗಳಲ್ಲೊಂದು ನನ್ನ ಬಳಿ ಇದೆ. ಅದರ ಕೂಡುವಿಕೆಯಲ್ಲಿ ಒಂದು ಪೈಸೆಯ ತಪ್ಪಿಲ್ಲ. ಅವರು ಪ್ರಾಮಾಣಿಕರಾಗಿದ್ದರು, ಪುಸ್ತಕದಲ್ಲಿ ಒಂದು ಕಲಮು ಇರಲಿಲ್ಲ ಅಷ್ಟೇ. ಆ ಕಲಮನ್ನು ಎಳೆದು ಬರೆಯಬೇಕಾದವರು ನಾವು. ಇಲ್ಲಿ ಕುಳಿತಿರುವ ಹೆಣ್ಣು ಮಕ್ಕಳು, ಗಂಡು ಮಕ್ಕಳು ನಾಳೆ ಲೆಕ್ಕಿಗರು, ಇಂಜಿನಿಯರುಗಳು, ಅಧಿಕಾರಿಗಳು ಆಗುವವರು. ಯಾವುದೇ ಕಡತಕ್ಕೆ ಸಹಿ ಹಾಕುವ ಮುನ್ನ ಇದರಲ್ಲಿ ಮರದ ಲೆಕ್ಕ ಎಲ್ಲಿದೆ ಎಂದು ಅವರು ಕೇಳಲಿ ಎಂದು ಆಶಿಸುತ್ತೇನೆ.